ಆಕಾಶದಿಂದ ಭೂಮಿಯ ಚಿತ್ರ ತೆಗೆದ ನಾದಾರ್

ಲಾಲ್‌ಬಾಗಿನ ಬಂಡೆಯನ್ನೇರಿ ದಕ್ಷಿಣಕ್ಕೆ ನೋಡಿದರೆ ಜಯನಗರದ ಮರಗಳೂ ಮಾಳಿಗೆಗಳೂ ಕಾಣುತ್ತವೆ. ಇನ್ನೂ ಮೇಲಿನಿಂದ ಹೇಗೆ ಕಂಡಾವು? ಬೆನ್ನಿಗೆ ಮೋಟಾರು ಕಟ್ಟಿಕೊಂಡು, ಬಟ್ಟೆಯ ರೆಕ್ಕೆಯ ಕೆಳಗೆ ತೂಗುತ್ತ ಹಾರುವ ಪ್ಯಾರಾಮೋಟಾರಿನವರು ಇಂದು ಅಂಗೈಯಗಲದ ಕ್ಯಾಮೆರಾದಿಂದ ಅಂತಹ ನೋಟವನ್ನು ಸೆರೆಹಿಡಿಯಬಲ್ಲರು. ಈ ವಿದ್ಯೆಗೆ ಅಡಿಗಲ್ಲಿಟ್ಟವನು ಫ್ರಾನ್ಸಿನ ನಾದಾರ್.

ಈತನು 1820ರಲ್ಲಿ ಪ್ಯಾರಿಸ್ಸಿನಲ್ಲಿ ಜನಿಸಿದನು. ನಿಜನಾಮ ಗಾಸ್ಪಾರ್ ಫೆಲಿಕ್ಸ್ ತೂರ್ನಶೋಂ. ಮೊದಲು ವ್ಯಂಗ್ಯಚಿತ್ರಗಾರನಾಗಿದ್ದು, ಬಳಿಕ ಛಾಯಾಗ್ರಾಹಕನಾಗಿ ಕೀರ್ತಿ ಪಡೆದನು. 1858ರಲ್ಲಿ ಬಲೂನಿನ ಬುಟ್ಟಿಯಲ್ಲಿಯೇ ಕತ್ತಲೆಯ ಗುಡಾರ ಕಟ್ಟಿ ಮೇಲೇರಿದನು. ಆಗ ಗಾಜಿನ ಫಲಕಕ್ಕೆ ಅಲ್ಲಿಯೇ ರಸಾಯನ ಹಚ್ಚಿ, ಅದು ಆರುವ ಮೊದಲೇ ಚಿತ್ರ ತೆಗೆದು ತೊಳೆಯಬೇಕಾಗಿತ್ತು. ಎಷ್ಟು ಸಲ ಏರಿದರೂ ಫಲಕವು ಕಪ್ಪಾಗಿಯೇ ಬಂದಿತು. ಒಂದು ದಿನ ಅನಿಲ ಸಾಲದೆ ಬಲೂನು ಮೇಲೇಳದಾಯಿತು. ಆತನು ಅದರ ಬಾಯಿ ಮುಚ್ಚಿ, ಬುಟ್ಟಿಯನ್ನು ಬಿಟ್ಟು, ಉಟ್ಟ ಬಟ್ಟೆಯನ್ನೂ ಕಳಚಿ ಏರಿದನು. ಅಂದು ಹಳ್ಳಿಯ ಮನೆಗಳು ಮಸುಕುಮಸುಕಾಗಿ ಮೂಡಿದುವು! ಆಗ ಕಾರಣ ಹೊಳೆಯಿತು. ಬಲೂನಿನ ಬಾಯಿಂದ ಸೋರುತ್ತಿದ್ದ ಅನಿಲದ ಗಂಧಕಾಂಶವೇ ಫಲಕದ ಬೆಳ್ಳಿಯ ಲವಣವನ್ನು ಕೆಡಿಸುತ್ತಿದ್ದಿತು. ಮೇಲೆತ್ತಿದ ಅನಿಲವೇ ಚಿತ್ರಕ್ಕೆ ಶತ್ರುವಾಗಿದ್ದಿತು.

ಗಾಳಿಗಿಂತ ಭಾರವಾದ ಯಂತ್ರವೇ ಮುಂದೆ ಹಾರುವುದೆಂದು ನಂಬಿದ ನಾದಾರ್, ಅದಕ್ಕೆ ಹಣ ಕೂಡಿಸಲು 1863ರಲ್ಲಿ ದೈತ್ಯ ಬಲೂನೊಂದನ್ನು ಕಟ್ಟಿಸಿದನು. ಅದು ಹಾನೋವರಿನ ಬಳಿ ಅಪಘಾತಕ್ಕೀಡಾಗಿ ಪತ್ನಿಯೊಡನೆ ಗಾಯಗೊಂಡನು. ಆದರೂ ನಂಬಿಕೆ ಬಿಡಲಿಲ್ಲ. 1909ರಲ್ಲಿ ಬ್ಲೇರಿಯೋ ವಿಮಾನದಲ್ಲಿ ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಿದ ಸುದ್ದಿಯನ್ನು ಕೇಳಿ, 1910ರಲ್ಲಿ ಕಣ್ಮುಚ್ಚಿದನು.

ಆ ಮೊದಲ ಚಿತ್ರ ಇಂದು ಉಳಿದಿಲ್ಲ. ಪ್ರಯೋಗ ಕೆಟ್ಟಾಗಲೆಲ್ಲ ಮತ್ತೆ ಏರಿದ ಆತನ ಛಲವು ವಿದ್ಯಾರ್ಥಿಗಳಾದ ನಮ್ಮ ನೆನಪಿನಲ್ಲಿರಲಿ.