ಕೈಬರಹದಿಂದ ಅಚ್ಚಿನ ಮೊಳೆಗೆ: ನಂಜನಗೂಡು ತಿರುಮಲಾಂಬ ಅವರ ಸಾಹಸಗಾಥೆ

ನಂಜನಗೂಡು: ಕಪಿಲೆಯ ದಡದ ಈ ಊರಿನ ಹೆಸರು ಹೇಳಿದೊಡನೆ ಶ್ರೀಕಂಠೇಶ್ವರನ ದೇಗುಲ, ರಸಬಾಳೆ, ಹಲ್ಲುಪುಡಿ ನೆನಪಿಗೆ ಬರುವುದು ಸಹಜ. ಕನ್ನಡ ಪುಸ್ತಕಲೋಕಕ್ಕೆ ಇದೇ ಊರು ನೀಡಿದ ಕೊಡುಗೆಯೊಂದು ಮಾತ್ರ ಅಷ್ಟಾಗಿ ಬೆಳಕಿಗೆ ಬಂದಿಲ್ಲ. ಲೇಖಕಿ, ಸಂಪಾದಕಿ, ಪ್ರಕಾಶಕಿ ಹೀಗೆ ಮೂರು ಹೊಣೆಗಳನ್ನೂ ಒಬ್ಬರೇ ಹೊತ್ತ ನಂಜನಗೂಡು ತಿರುಮಲಾಂಬ ಅವರೇ ಆ ಕೊಡುಗೆ.

ತಿರುಮಲಾಂಬ ಅವರು ಜನಿಸಿದ್ದು 1887ರಲ್ಲಿ. ತಂದೆ ವೆಂಕಟಕೃಷ್ಣ ಅಯ್ಯಂಗಾರ್ ವಕೀಲರು. ಅಂದಿನ ಪದ್ಧತಿಯಂತೆ ಬಾಲ್ಯದಲ್ಲಿಯೇ ವಿವಾಹವಾಯಿತು. ಹದಿನಾಲ್ಕರ ಹರೆಯದಲ್ಲಿ ವೈಧವ್ಯ ಬಂದೊದಗಿತು. ಬಾಲವಿಧವೆಗೆ ಅಡುಗೆಮನೆ, ಪೂಜೆ, ವ್ರತಗಳಾಚೆಗೆ ಬದುಕಿಲ್ಲವೆಂದು ಸಮಾಜ ತೀರ್ಮಾನಿಸಿದ್ದ ಕಾಲವದು. ಆದರೆ ತಂದೆ ಮಗಳ ಕೈಗೆ ಪುಸ್ತಕವಿತ್ತರು. ಮನೆಯಲ್ಲಿಯೇ ಸಾಗಿದ ಓದು ಕ್ರಮೇಣ ಬರಹವಾಗಿ ಅರಳಿತು.

ಅರಮನೆಯ ದಾರಿ, ಅಚ್ಚಿನ ದಾರಿ

ನಂಜನಗೂಡನ್ನು ದಾಟಿದ ಕಪಿಲೆ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತಾಳೆ. ಆ ತಾಲ್ಲೂಕಿನ ಸೋಸಲೆ ವಿದ್ವಾಂಸರ ನೆಲೆ. ಗರಳಪುರಿ ಶಾಸ್ತ್ರಿಗಳು, ಅವರ ಪುತ್ರ ಅಯ್ಯಾಶಾಸ್ತ್ರಿಗಳು ಮೈಸೂರು ಅರಮನೆಯ ಆಶ್ರಯದಲ್ಲಿ ಕೀರ್ತಿ ಗಳಿಸಿದವರು. ಈ ಸೀಮೆಯ ಪಂಡಿತರಿಗೆ ಆಸ್ಥಾನವೇ ದೊಡ್ಡ ವೇದಿಕೆಯಾಗಿದ್ದ ಕಾಲದಲ್ಲಿ ತಿರುಮಲಾಂಬ ಹಿಡಿದ ದಾರಿಯೇ ಬೇರೆ. ಅವರು ನೆಚ್ಚಿದ್ದು ಓದುಗರನ್ನು, ಅದಕ್ಕಾಗಿ ಆಶ್ರಯಿಸಿದ್ದು ಅಚ್ಚನ್ನು.

1913ರಲ್ಲಿ ಅವರು ‘ಸತೀ ಹಿತೈಷಿಣೀ’ ಗ್ರಂಥಮಾಲೆಯನ್ನು ಆರಂಭಿಸಿದರು. ಕನ್ನಡ ಸಾಹಿತ್ಯ ಪರಿಷತ್ತು ಇನ್ನೂ ಹುಟ್ಟಿರಲಿಲ್ಲ. ಅದು ಸ್ಥಾಪನೆಗೊಂಡದ್ದು 1915ರಲ್ಲಿ. ಗ್ರಂಥಮಾಲೆಯ ಮೂಲಕ ಹೊರಬಂದ ಅವರ ಮೊದಲ ಕಾದಂಬರಿ ‘ಸುಶೀಲೆ’ ಜನಪ್ರಿಯವಾಯಿತು, ಮರುಮುದ್ರಣಗಳನ್ನೂ ಕಂಡಿತು. ಮರುವರ್ಷ ‘ನಭಾ’ ಬಂದಿತು. ಮುಂದೆ ‘ವಿದ್ಯುಲ್ಲತಾ’, ‘ವಿರಾಗಿಣಿ’, ‘ಮಾತೃನಂದಿನಿ’ ಮೊದಲಾದ ಕೃತಿಗಳು ಹೊರಬಂದವು. ನಾಟಕ, ಪ್ರಬಂಧ, ಪತ್ತೇದಾರಿ ಕಥನಕ್ಕೂ ಅವರು ಕೈಹಾಕಿದರು.

ಅಷ್ಟಕ್ಕೇ ನಿಲ್ಲದೆ ‘ಕರ್ನಾಟಕ ನಂದಿನಿ’ ಎಂಬ ಪತ್ರಿಕೆಯನ್ನು ಹೊರತಂದರು. ‘ಸನ್ಮಾರ್ಗದರ್ಶಿ’ ಅವರ ಇನ್ನೊಂದು ಪತ್ರಿಕೆ. ಮೈಸೂರು ಸಂಸ್ಥಾನವು 1908ರಲ್ಲಿಯೇ ಪತ್ರಿಕೆಗಳನ್ನು ನಿಯಂತ್ರಿಸುವ ಕಾಯ್ದೆ ತಂದಿತ್ತು. 1914ರಲ್ಲಿ ಆರಂಭವಾದ ಮಹಾಯುದ್ಧ ಕಾಗದದ ಬೆಲೆಯನ್ನು ಏರಿಸಿತ್ತು. ಅನುಭವಿ ಪತ್ರಕರ್ತರೇ ಹಿಂಜರಿಯುವಂತಹ ಸನ್ನಿವೇಶದಲ್ಲಿ ತಾಲ್ಲೂಕು ಕೇಂದ್ರದ ವಿಧವೆಯೊಬ್ಬರು ಪತ್ರಿಕೆಯ ಸಾರಥ್ಯ ವಹಿಸಿದ್ದು ಸಣ್ಣ ಸಂಗತಿಯೇನಲ್ಲ.

ಮೊಳೆ ಜೋಡಣೆಯ ಕಷ್ಟ

ಅಂದು ಹಸ್ತಪ್ರತಿಯೊಂದು ಪುಸ್ತಕವಾಗುವ ಬಗೆಯನ್ನು ಅರಿತರೆ ಈ ಸಾಹಸದ ತೂಕ ತಿಳಿದೀತು. ಲೇಖಕರ ಕೈಬರಹದಲ್ಲಿ ಇರುವುದು ಬರಿಯ ಅಕ್ಷರಗಳು. ಸಾಲು ಎಷ್ಟು ಉದ್ದ, ಪುಟಕ್ಕೆ ಎಷ್ಟು ಸಾಲು, ಪುಟಸಂಖ್ಯೆ ಎಲ್ಲಿ ಎಂಬುದಾವುದೂ ಅದರಲ್ಲಿಲ್ಲ. ಕಂಪಾಸಿಟರ್ ಖಾನೆಗಳಿಂದ ಸೀಸದ ಮೊಳೆಗಳನ್ನು ಒಂದೊಂದಾಗಿ ಆಯ್ದು, ಅಳತೆಯ ಸಾಲಿಗೆ ಕೂಡಿಸಬೇಕು. ಸಾಲು ತುಂಬಿದಲ್ಲಿ ಪದವನ್ನು ಮುರಿಯಬೇಕು. ಸಾಲುಗಳು ಗ್ಯಾಲಿಯಲ್ಲಿ ನಿಂತ ಮೇಲೆ ಕರಡಚ್ಚು, ಅದರ ತಿದ್ದುಪಡಿ, ಮತ್ತೊಮ್ಮೆ ಕರಡು. ಅನಂತರವಷ್ಟೇ ಪುಟಕಟ್ಟಿ ಯಂತ್ರಕ್ಕೇರಿಸುವುದು. ಒಂದು ಫಾರಂ ಮುದ್ರಣವಾದೊಡನೆ ಆ ಮೊಳೆಗಳನ್ನೇ ಬಿಡಿಸಿ ಮುಂದಿನ ಪುಟಗಳಿಗೆ ಬಳಸುತ್ತಿದ್ದುದೂ ಉಂಟು. ಆದ್ದರಿಂದ ಕರಡು ಹಿಂತಿರುಗುವುದು ತಡವಾದರೆ ಮುದ್ರಣಾಲಯದ ಕೆಲಸವೇ ನಿಲ್ಲುತ್ತಿತ್ತು.

ಕನ್ನಡದಲ್ಲಿ ಈ ಕೆಲಸ ಇನ್ನೂ ಜಟಿಲ. ಇಂಗ್ಲಿಷಿನ ಅಕ್ಷರಗಳು ಸಾಲಿನಲ್ಲಿ ಒಂದರ ಪಕ್ಕ ಒಂದು ನಿಲ್ಲುತ್ತವೆ. ನಮ್ಮ ಒತ್ತಕ್ಷರಗಳು ಅಡಿಯಲ್ಲಿ ಇಳಿಯುತ್ತವೆ, ಗುಣಿತದ ಚಿಹ್ನೆಗಳು ಮೇಲಕ್ಕೆ, ಬಲಕ್ಕೆ ಚಾಚುತ್ತವೆ. ಹೀಗಾಗಿ ನೂರಾರು ಬಗೆಯ ಮೊಳೆಗಳು ಬೇಕು. ಒಂದು ಒತ್ತು ತಪ್ಪಿದರೂ ಅರ್ಥ ಕೆಟ್ಟೀತು. ಬರೆಯುವುದು, ಆಯ್ದು ಕೊಡುವುದು, ಹಣ ಹೊಂದಿಸುವುದು, ಅಚ್ಚಾದ ಪ್ರತಿಗಳನ್ನು ಅಂಚೆಗೆ ಹಾಕುವುದು, ಇವೆಲ್ಲವೂ ಸಂಪಾದಕಿ-ಪ್ರಕಾಶಕಿಯ ಹೆಗಲಿಗೇ ಬೀಳುತ್ತಿದ್ದ ಹೊಣೆಗಳು.

ಇಂದು ಕಂಪ್ಯೂಟರಿನ ಸರಳ ಪಠ್ಯ ಸಂಪಾದಕದಲ್ಲಿ ಕನ್ನಡ ಬರೆದು ಮುದ್ರಣದ ಗುಂಡಿ ಒತ್ತಿದರೆ ಹಾಳೆ ಕ್ಷಣದಲ್ಲಿ ಹೊರಬರುತ್ತದೆ. ಆದರೆ ಒಳಗೆ ನಡೆಯುವುದು ಹೆಚ್ಚುಕಡಿಮೆ ಅದೇ ಕಂಪಾಸಿಟರನ ಕೆಲಸ. ಕಡತದಲ್ಲಿರುವುದು ಅಕ್ಷರಗಳ ಸಂಕೇತಸಂಖ್ಯೆಗಳು ಮಾತ್ರ, ಗಾತ್ರವಿಲ್ಲ, ಅಲಂಕಾರವಿಲ್ಲ. ತಂತ್ರಾಂಶ ಹಾಳೆಯ ಅಗಲಕ್ಕೆ ಸಾಲು ಮುರಿಯುತ್ತದೆ, ಎತ್ತರಕ್ಕೆ ತಕ್ಕಂತೆ ಪುಟ ವಿಂಗಡಿಸುತ್ತದೆ. ಕ, ಹಲಂತ, ಷ ಎಂಬ ಮೂರು ಸಂಕೇತಗಳನ್ನು ಕೂಡಿಸಿ ‘ಕ್ಷ’ ಎಂಬ ಒಂದೇ ಆಕಾರವನ್ನು ಫಾಂಟಿನಿಂದ ಆರಿಸುತ್ತದೆ. ಬಳಿಕ ಪುಟಗಳು ಸರದಿಯಲ್ಲಿ ನಿಂತು, ಮುದ್ರಕಕ್ಕೆ ತಿಳಿಯುವ ರೂಪಕ್ಕೆ ತಿರುಗಿ ರವಾನೆಯಾಗುತ್ತವೆ. ಇಂಗ್ಲಿಷ್ ಅಕ್ಷರಗಳನ್ನಷ್ಟೇ ತನ್ನೊಳಗೆ ಇಟ್ಟುಕೊಂಡಿದ್ದ ಹಳೆಯ ಡಾಟ್ ಮ್ಯಾಟ್ರಿಕ್ಸ್ ಮುದ್ರಕಕ್ಕೆ ಕನ್ನಡ ಸಂಕೇತಗಳನ್ನು ನೇರವಾಗಿ ಕಳುಹಿಸಿದರೆ ಅರ್ಥವಿಲ್ಲದ ಚಿಹ್ನೆಗಳು ಮೂಡುತ್ತಿದ್ದವು, ಚಿತ್ರವಾಗಿಸಿಯೇ ಕಳುಹಿಸಬೇಕಿತ್ತು. 1991ರಲ್ಲಿ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತದ್ದು ಈ ತೊಡಕು ನೀಗುವ ಹಾದಿಯಲ್ಲಿ ದೊಡ್ಡ ಹೆಜ್ಜೆ.

ಮೌನದ ದಶಕಗಳು

ತಿರುಮಲಾಂಬ ಅವರ ಬರವಣಿಗೆಗೆ ಸಲ್ಲಬೇಕಾದ ಗೌರವ ಸಕಾಲದಲ್ಲಿ ಸಲ್ಲಲಿಲ್ಲ. ಅವರ ಪಾತ್ರಗಳು ಪಾತಿವ್ರತ್ಯ, ಸಹನೆಗಳ ಚೌಕಟ್ಟಿನೊಳಗೇ ಉಳಿದವೆಂಬ ಆಕ್ಷೇಪ ಇಂದಿಗೂ ಇದೆ. ಅದರಲ್ಲಿ ತಥ್ಯವೂ ಇದೆ. ಆದರೆ ಆ ಚೌಕಟ್ಟಿನೊಳಗಿದ್ದೇ ಹೆಣ್ಣು ಓದಬೇಕು, ಬರೆಯಬೇಕು ಎಂಬುದನ್ನು ಅವರು ಬದುಕಿನಿಂದ ಸಾಧಿಸಿ ತೋರಿಸಿದರೆಂಬುದೂ ಅಷ್ಟೇ ನಿಜ. ಹೊಸ ಸಾಹಿತ್ಯದ ಅಭಿರುಚಿ ಬದಲಾದಂತೆ ಅವರ ಹೆಸರು ಹಿಂದೆ ಸರಿಯಿತು. ಲೇಖನಿಯೂ ಮೌನವಾಯಿತು. ಕೊನೆಯ ವರ್ಷಗಳು ಕಳೆದದ್ದು ಕನ್ನಡ ನಾಡಿನಿಂದ ದೂರ, ಮದ್ರಾಸಿನಲ್ಲಿ. 1982ರಲ್ಲಿ ಅವರು ನಿಧನರಾದರು. ಚಿ.ನ. ಮಂಗಳಾ, ವಿಜಯಾ ದಬ್ಬೆ ಮೊದಲಾದ ಲೇಖಕಿಯರ ಶ್ರಮದಿಂದ ಅವರ ಸಾಧನೆ ಮತ್ತೆ ಚರ್ಚೆಗೆ ಬಂದಿತು. ದಬ್ಬೆ ಅವರ ‘ಹಿತೈಷಿಣಿಯ ಹೆಜ್ಜೆಗಳು’ ಈ ನಿಟ್ಟಿನಲ್ಲಿ ಉಲ್ಲೇಖಾರ್ಹ.

ಇನ್ನುಳಿದಿರುವುದು ಕೃತಿಗಳ ರಕ್ಷಣೆಯ ಪ್ರಶ್ನೆ. ಶತಮಾನ ಹಳೆಯ ಕಾಗದ ಮುಟ್ಟಿದರೆ ಪುಡಿಯಾಗುತ್ತದೆ. ಪುಟಗಳ ಛಾಯಾಚಿತ್ರ ತೆಗೆದಿಟ್ಟರೆ ರೂಪ ಉಳಿದೀತು, ಆದರೆ ಅದರೊಳಗೆ ಒಂದು ಪದವನ್ನು ಹುಡುಕಲಾಗದು, ಹೊಸದಾಗಿ ಪುಟಕಟ್ಟಲಾಗದು. ಅಕ್ಷರಶಃ ಬೆರಳಚ್ಚು ಮಾಡಿ, ಮೂಲದೊಡನೆ ತಾಳೆ ನೋಡಿ, ಸರಳ ಯೂನಿಕೋಡ್ ಪಠ್ಯವಾಗಿ ಇಟ್ಟಲ್ಲಿ ಮಾತ್ರ ಬೇಕೆಂದಾಗ ಬೇಕಾದ ಗಾತ್ರದಲ್ಲಿ ಮುದ್ರಿಸಬಹುದು. ಭಾರತದ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕರು ಗತಿಸಿದ ನಂತರವೂ 60 ವರ್ಷ ಹಕ್ಕು ಉಳಿಯುವುದರಿಂದ ಈ ಕೃತಿಗಳು ಸಾರ್ವಜನಿಕ ಸ್ವತ್ತಾಗುವುದು 2043ರ ಜನವರಿಯಲ್ಲಿ. ಅಲ್ಲಿಯವರೆಗೆ ಹಕ್ಕುದಾರರ ಅನುಮತಿ ಅಗತ್ಯ.

ಕಾಗದ ಅಷ್ಟು ಕಾಲ ಕಾಯುವುದೇ ಎಂಬುದು ಗ್ರಂಥಾಲಯಗಳು, ವಿಶ್ವವಿದ್ಯಾಲಯಗಳು, ಅಕಾಡೆಮಿಗಳು ಉತ್ತರಿಸಬೇಕಾದ ಪ್ರಶ್ನೆ. ಯಾವ ಸೌಕರ್ಯವೂ ಇಲ್ಲದ ಕಾಲದಲ್ಲಿ ತಿರುಮಲಾಂಬ ತಮ್ಮ ಪಾಲಿನ ಕೆಲಸ ಮುಗಿಸಿ ಹೋಗಿದ್ದಾರೆ. ಎಲ್ಲ ಸೌಕರ್ಯಗಳಿರುವ ಇಂದು ಅವರ ಅಕ್ಷರಗಳನ್ನು ಉಳಿಸಿಕೊಳ್ಳುವುದು ಕನ್ನಡಿಗರೆಲ್ಲರ ಕರ್ತವ್ಯ.