ಫಲವನ್ನು ಕಾಣದ ಕಾಯಕ: ದಿವಾನ್ ಶೇಷಾದ್ರಿ ಅಯ್ಯರವರ ಬಾಳು

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ, ಕಾವೇರಿಯು ಧುಮ್ಮಿಕ್ಕಿ ಹರಿಯುವ ಕಣಿವೆಯ ಮೇಲ್ಗಡೆಯ ಕಡಿದಾದ ದಂಡೆಯಲ್ಲಿ ಬ್ಲಫ್ ಎಂಬ ಊರಿದೆ. ನೀರಿನ ವೇಗದಿಂದ ವಿದ್ಯುಚ್ಛಕ್ತಿಯನ್ನು ಪಡೆದ ಆ ಸ್ಥಳದ ಮಹತ್ಕಾರ್ಯಕ್ಕೆ ಬೆಂಬಲವಾಗಿ ನಿಂತವರು ಮೈಸೂರಿನ ದಿವಾನರಾಗಿದ್ದ ಸರ್ ಕೆ. ಶೇಷಾದ್ರಿ ಅಯ್ಯರವರು. ಕೈಗೊಂಡ ಕಾರ್ಯಕ್ಕೆ ವಿಘ್ನಗಳು ಒದಗಿದಾಗ ಸತ್ಪುರುಷರು ಹೇಗೆ ವರ್ತಿಸುವರೆಂಬುದಕ್ಕೆ ಅವರ ಜೀವಿತವೇ ನಿದರ್ಶನ.

1845ನೆಯ ಇಸವಿಯಲ್ಲಿ ಪಾಲಘಾಟಿನ ಸೀಮೆಯಲ್ಲಿ ಜನಿಸಿದ ಇವರು ಮದರಾಸಿನಲ್ಲಿ ವಿದ್ಯಾಭ್ಯಾಸ ಮಾಡಿ, 1868ರಲ್ಲಿ ಪದವೀಧರರಾಗಿ ಮೈಸೂರಿಗೆ ಬಂದರು. ಪರನಾಡಿನವರಾದರೂ ಈ ನಾಡನ್ನೇ ತಮ್ಮದೆಂದು ಬಗೆದರು. ಉದ್ಯೋಗದಲ್ಲಿರುವಾಗಲೇ ವ್ಯಾಸಂಗವನ್ನು ಮುಂದುವರಿಸಿ 1874ರಲ್ಲಿ ನ್ಯಾಯಶಾಸ್ತ್ರದ ಪದವಿಯನ್ನು ಸಂಪಾದಿಸಿದರು. ದೊರೆತ ಪದವಿಯಲ್ಲಿ ತೃಪ್ತರಾಗಿ ಕಲಿಕೆಯನ್ನು ನಿಲ್ಲಿಸುವುದೇ ಉನ್ನತಿಗೆ ಮೊದಲನೆಯ ಅಡ್ಡಿ. ಅದನ್ನು ಅವರು ಹೀಗೆ ದಾಟಿದರು.

1883ರಲ್ಲಿ ರಂಗಾಚಾರ್ಲುರವರು ಕಾಲವಶರಾಗಲು ದಿವಾನಗಿರಿಯು ಇವರ ಪಾಲಿಗೆ ಬಂದಿತು. 1876–78ರ ಘೋರ ಕ್ಷಾಮದ ಗಾಯವು ಆಗಿನ್ನೂ ಮಾಯ್ದಿರಲಿಲ್ಲ. ಸಂಸ್ಥಾನದ ಮೇಲೆ ಸಾಲದ ಭಾರವಿತ್ತು. ಬೊಕ್ಕಸವನ್ನು ಸರಿಪಡಿಸುತ್ತಲೇ ಅವರು ರೈಲುಮಾರ್ಗಗಳನ್ನೂ ನೀರಾವರಿಯನ್ನೂ ಬೆಳೆಸಿದರು. 1894ರ ಡಿಸೆಂಬರಿನಲ್ಲಿ ಚಾಮರಾಜೇಂದ್ರ ಒಡೆಯರವರು ಅಕಾಲದಲ್ಲಿ ಅಸ್ತಂಗತರಾದರು. ಕುಮಾರರಿಗೆ ಆಗ ಹತ್ತೇ ವರ್ಷ. ಮಹಾರಾಣಿಯವರ ಪ್ರತಿನಿಧಿತ್ವದಲ್ಲಿ ರಾಜ್ಯದ ಹೊಣೆಯನ್ನು ಹೊತ್ತ ಇವರಿಗೆ 1898ರ ಪ್ಲೇಗು ಮಹಾಮಾರಿಯೂ ಎದುರಾಯಿತು.

ಅಂಥ ದುರ್ದಿನಗಳಲ್ಲಿಯೇ ಶಿವನಸಮುದ್ರದ ಯೋಜನೆಯು ರೂಪುಗೊಂಡುದು. ಈ ದೇಶದಲ್ಲಿ ಹಿಂದೆ ಯಾರೂ ಇಷ್ಟು ದೊಡ್ಡ ಪ್ರಮಾಣದಲ್ಲಿ ಕೈಹಾಕದ ಕೆಲಸಕ್ಕೆ ಪ್ರಜೆಗಳ ಹಣವನ್ನು ತೊಡಗಿಸುವುದು ಸಾಮಾನ್ಯ ಧೈರ್ಯವಲ್ಲ. ಆದರೆ ಆ ಧೈರ್ಯವು ಕುರುಡಾಗಿರಲಿಲ್ಲ. ಜಾಲಿ ಡಿ ಲಾಟ್ಬಿನಿಯರ್ ಎಂಬ ಇಂಜಿನಿಯರು ಯೂರೋಪು ಅಮೆರಿಕಗಳಿಗೆ ತೆರಳಿ ಅಲ್ಲಿನ ವಿದ್ಯುದಾಗಾರಗಳನ್ನು ಪರೀಕ್ಷಿಸಿ ಬಂದರು. ಶಕ್ತಿಯನ್ನು ಕೊಳ್ಳಲು ಕೋಲಾರದ ಚಿನ್ನದ ಗಣಿಯವರನ್ನು ಒಪ್ಪಿಸಲಾಯಿತು. ಅನಂತರ ಭಾರವಾದ ಯಂತ್ರಗಳು ಎತ್ತಿನ ಗಾಡಿಗಳಿಂದಲೂ ಆನೆಗಳಿಂದಲೂ ಕಾಡುದಾರಿಯನ್ನು ಸವೆಸಿ ಕಾವೇರಿಯ ತೀರವನ್ನು ಸೇರಿದವು. ವಿಚಾರವಿಲ್ಲದ ಸಾಹಸವು ದುಡುಕು, ಸಾಹಸವಿಲ್ಲದ ವಿಚಾರವು ಬಂಜೆ. ಎರಡೂ ಕೂಡಿದಲ್ಲಿಯೇ ಕಾರ್ಯಸಿದ್ಧಿ.

ಹದಿನೆಂಟು ವರ್ಷಗಳ ದಣಿವಿನಿಂದ ದೇಹವು ಜರ್ಝರಿತವಾಗಲು ಅಯ್ಯರವರು 1901ರಲ್ಲಿ ಅಧಿಕಾರವನ್ನು ಬಿಟ್ಟರು. ಅದೇ ವರ್ಷ ಸೆಪ್ಟೆಂಬರ್ 13ರಂದು ಇಹಲೋಕವನ್ನು ತ್ಯಜಿಸಿದರು. 1902ರ ಜೂನ್ 30ರಂದು ಬ್ಲಫಿನ ವಿದ್ಯುತ್ತು 92 ಮೈಲಿ ತಂತಿಯ ಮೂಲಕ ಹರಿದು ಕೋಲಾರದ ಗಣಿಯನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ನೋಡಿ ನಲಿಯಲು ಅವರಿರಲಿಲ್ಲ.

ಇದನ್ನು ಸೋಲೆನ್ನಬಹುದೆ? ಫಲವು ತನ್ನ ಕೈಗೇ ಬರಬೇಕೆಂಬ ಆಶೆಯು ಎಲ್ಲಕ್ಕಿಂತ ದೊಡ್ಡ ವಿಘ್ನ. ಆ ಆಶೆಯು ಅಡ್ಡಬಂದಲ್ಲಿ ತೆಂಗಿನ ಸಸಿಯನ್ನು ನೆಡುವ ಮುದುಕನೂ ಇರಲಾರನು, ಕೆರೆಯನ್ನು ಕಟ್ಟಿಸುವ ಗೃಹಸ್ಥನೂ ಇರಲಾರನು. ಶರಣರು ಕಾಯಕದೊಡನೆ ದಾಸೋಹವನ್ನು ಜೋಡಿಸಿದುದು ಈ ಕಾರಣದಿಂದಲೇ. ದುಡಿಮೆಯು ನನ್ನದು, ಫಲವು ಜಂಗಮರೂಪವಾದ ಸಮಾಜದ್ದು ಎಂದು ಬಗೆದವನಿಗೆ ಮರಣವೂ ಅಡ್ಡಿಯಾಗಲಾರದು. ಅಯ್ಯರವರು ಶರಣಮಾರ್ಗದವರಲ್ಲ, ಆದರೂ ಅವರ ಬಾಳಿನಲ್ಲಿ ಈ ತತ್ತ್ವವು ತಾನೇ ತಾನಾಗಿ ತೋರುತ್ತದೆ. ಸಂಜೆ ಮನೆಯಲ್ಲಿ ದೀಪವನ್ನು ಹೊತ್ತಿಸುವಾಗ, ಆ ಬೆಳಕನ್ನು ಕಾಣದೆ ಅದಕ್ಕಾಗಿ ದುಡಿದವರನ್ನು ಸದ್ಭಕ್ತರು ನೆನೆಯುವುದು ಉಚಿತವಾಗಿದೆ.