ವಿಲಿಯಂ ಹೆನ್ರಿ ಪರ್ಕಿನ್: ಡಾಂಬರಿನಿಂದ ಬಣ್ಣ ತೆಗೆದವನು

ರಸಾಯನಶಾಸ್ತ್ರದ ಚರಿತ್ರೆಯಲ್ಲಿ ವಿಲಿಯಂ ಹೆನ್ರಿ ಪರ್ಕಿನ್ನನ ಹೆಸರು ಸಾಮಾನ್ಯವಾಗಿ ಒಂದು ಆಕಸ್ಮಿಕದ ಕಥೆಯೊಡನೆ ಬರುತ್ತದೆ. ಔಷಧವನ್ನು ತಯಾರಿಸಹೊರಟ ಹುಡುಗನಿಗೆ ಬಣ್ಣ ದೊರೆಯಿತೆಂಬ ಈ ಕಥೆ ಸುಳ್ಳಲ್ಲ, ಆದರೆ ಅರ್ಧ ಮಾತ್ರ. ಬಣ್ಣ ದೊರೆಯಲು ಒಂದು ರಜೆಯ ಅವಧಿ ಸಾಕಾಯಿತು. ಅದನ್ನು ರಾಶಿಯಾಗಿ ತಯಾರಿಸಿ, ನೂಲನ್ನು ಕಚ್ಚಿ ನಿಲ್ಲುವಂತೆ ಮಾಡಲು ವರ್ಷಗಳ ದುಡಿಮೆ ಬೇಕಾಯಿತು.

ಪರ್ಕಿನ್ 1838ರ ಮಾರ್ಚ್ 12ರಂದು ಲಂಡನ್ನಿನ ಪೂರ್ವಭಾಗದ ಷಾಡ್‌ವೆಲ್ಲಿನಲ್ಲಿ ಜನಿಸಿದನು. ತಂದೆ ಜಾರ್ಜ್ ಪರ್ಕಿನ್ ಮರಗೆಲಸ ಮತ್ತು ಕಟ್ಟಡದ ಕೆಲಸಗಳಲ್ಲಿ ಕೈಪಳಗಿದವನು; ಮಗ ವಾಸ್ತುಶಿಲ್ಪಿಯಾಗಬೇಕೆಂಬುದು ಅವನ ಆಸೆ. ಆದರೆ ಸಿಟಿ ಆಫ್ ಲಂಡನ್ ಶಾಲೆಯಲ್ಲಿ ಥಾಮಸ್ ಹಾಲ್ ಎಂಬ ಅಧ್ಯಾಪಕನು ಮಧ್ಯಾಹ್ನದ ಬಿಡುವಿನಲ್ಲಿ ಹೇಳುತ್ತಿದ್ದ ರಸಾಯನಶಾಸ್ತ್ರದ ಪಾಠ ಹುಡುಗನ ಮನಸ್ಸನ್ನು ಹಿಡಿಯಿತು. 1853ರಲ್ಲಿ, 15ನೆಯ ವಯಸ್ಸಿನಲ್ಲಿ, ಅವನು ರಾಯಲ್ ಕಾಲೇಜ್ ಆಫ್ ಕೆಮಿಸ್ಟ್ರಿಯನ್ನು ಸೇರಿದನು. ಅಲ್ಲಿ ಅವನಿಗೆ ಗುರುವಾಗಿ ದೊರೆತವನು ಜರ್ಮನಿಯ ಆಗಸ್ಟ್ ವಿಲ್ಹೆಲ್ಮ್ ಹಾಫ್‌ಮನ್. ಕಲ್ಲಿದ್ದಲಿನಿಂದ ಅನಿಲವನ್ನು ತೆಗೆದಾಗ ಉಳಿಯುವ ಡಾಂಬರು ಅಂದಿಗೆ ಬಹುಮಟ್ಟಿಗೆ ತ್ಯಾಜ್ಯ. ಅದರಲ್ಲಿ ಅಡಗಿದ್ದ ಬೆನ್ಜೀನ್, ಅನಿಲೀನ್ ಮೊದಲಾದ ವಸ್ತುಗಳ ಅಧ್ಯಯನವೇ ಹಾಫ್‌ಮನ್ನನ ಕ್ಷೇತ್ರವಾಗಿತ್ತು.

ಮಲೇರಿಯಾಕ್ಕೆ ಮದ್ದಾದ ಕ್ವಿನೀನ್ ಆಗ ಸಿಂಕೋನಾ ತೊಗಟೆಯಿಂದಷ್ಟೇ ದೊರೆಯುತ್ತಿತ್ತು. ಅದನ್ನು ಪ್ರಯೋಗಶಾಲೆಯಲ್ಲಿ ತಯಾರಿಸಬಹುದೆಂಬ ಗುರುವಿನ ಊಹೆಯನ್ನು ಶಿಷ್ಯನು ಕೈಗೆತ್ತಿಕೊಂಡನು. 1856ರ ಈಸ್ಟರ್ ರಜೆಯಲ್ಲಿ, ಮನೆಯಲ್ಲಿಯೇ ಕಟ್ಟಿಕೊಂಡಿದ್ದ ಪುಟ್ಟ ಪ್ರಯೋಗಶಾಲೆಯಲ್ಲಿ, ಅಲೈಲ್‌ಟಾಲ್ಯುಯಿಡೀನನ್ನು ಪೊಟ್ಯಾಸಿಯಮ್ ಡೈಕ್ರೋಮೇಟಿನಿಂದ ಉತ್ಕರ್ಷಿಸಿದನು. ಪರಮಾಣುಗಳ ಲೆಕ್ಕ ಸರಿಹೊಂದಿದರೆ ವಸ್ತುವೂ ಸರಿಯಾಗಿ ಬರುತ್ತದೆಂಬ ಎಣಿಕೆ ಅದು. ಅಣುವಿನೊಳಗಿನ ರಚನೆಯ ಅರಿವು ಇನ್ನೂ ಮೂಡಿರದ ಕಾಲದಲ್ಲಿ ಅದನ್ನು ತಪ್ಪೆನ್ನುವಂತಿಲ್ಲ. ದೊರೆತದ್ದು ಕೆಂಗಂದು ಬಣ್ಣದ ಪುಡಿ. ಅದೇ ಪ್ರಯೋಗವನ್ನು ಅನಿಲೀನಿನ ಮೇಲೆ ಮಾಡಿದಾಗ ಕಪ್ಪು ಗಸಿ ಬಂದಿತು. ಚೆಲ್ಲಬಹುದಾಗಿದ್ದ ಆ ಗಸಿಯನ್ನು ಪರ್ಕಿನ್ ಒಣಗಿಸಿ, ಮದ್ಯಸಾರದಲ್ಲಿ ಕರಗಿಸಿ ನೋಡಿದನು. ದ್ರಾವಣ ಹೊಳೆಯುವ ನೇರಳೆಯಾಯಿತು. ಅನಿಲೀನು ಶುದ್ಧವಾಗಿದ್ದಿದ್ದರೆ ಈ ಬಣ್ಣ ಬರುತ್ತಿರಲಿಲ್ಲ. ಅದರಲ್ಲಿ ಬೆರೆತಿದ್ದ ಟಾಲ್ಯುಯಿಡೀನುಗಳೇ ಬಣ್ಣದ ಅಣುವಿಗೆ ಬೇಕಾದ ಭಾಗವನ್ನು ಒದಗಿಸಿದ್ದವು.

ಹದಿನೆಂಟರ ಹರೆಯದವನು ಆ ಬಣ್ಣವನ್ನು ರೇಷ್ಮೆಗೆ ಹಚ್ಚಿ ನೋಡಿ, ಸ್ಕಾಟ್‌ಲೆಂಡಿನ ಪರ್ತ್ ನಗರದ ಪುಲ್ಲರ್ ಎಂಬ ಬಣ್ಣಗಾರರ ಸಂಸ್ಥೆಗೆ ಮಾದರಿಯನ್ನು ಕಳುಹಿಸಿದನು. ಉತ್ತರ ಆಶಾದಾಯಕವಾಗಿದ್ದರೂ ಎಚ್ಚರಿಕೆಯಿಂದ ಕೂಡಿತ್ತು: ಬೆಲೆ ಮಿತಿಯಲ್ಲಿರಬೇಕು, ಹತ್ತಿಯ ಮೇಲೂ ಬಣ್ಣ ನಿಲ್ಲಬೇಕು. 1856ರ ಆಗಸ್ಟ್ 26ರಂದು ಅವನು ಪೇಟೆಂಟ್ ಪಡೆದನು. ಹಾಫ್‌ಮನ್ನನಿಗೆ ಶಿಷ್ಯನು ವಿದ್ಯೆಯನ್ನು ಬಿಟ್ಟು ವ್ಯಾಪಾರಕ್ಕೆ ಇಳಿಯುವುದು ಹಿಡಿಸಲಿಲ್ಲ. ಪರ್ಕಿನ್ ಕಾಲೇಜನ್ನು ಬಿಟ್ಟನು. ತಂದೆ ತನ್ನ ಉಳಿತಾಯದ ಬಹುಭಾಗವನ್ನು ಮಗನ ಕೈಗಿತ್ತನು. ಅಣ್ಣ ಥಾಮಸ್ ಜೊತೆಗೂಡಿದನು. ಮಗನು ಸೋತರೆ ಇಡೀ ಕುಟುಂಬ ಮುಳುಗುವಂತಿತ್ತು.

1857ರಲ್ಲಿ, ಅಂದರೆ ಮುಂಬಯಿ, ಮದರಾಸು, ಕಲ್ಕತ್ತಗಳಲ್ಲಿ ವಿಶ್ವವಿದ್ಯಾಲಯಗಳು ಸ್ಥಾಪನೆಗೊಂಡ ವರ್ಷದಲ್ಲಿಯೇ, ಲಂಡನ್ನಿನ ಸಮೀಪದ ಗ್ರೀನ್‌ಫರ್ಡಿನಲ್ಲಿ ಕಾರ್ಖಾನೆಯ ಕೆಲಸ ಆರಂಭವಾಯಿತು. ಅನಿಲೀನನ್ನು ಮಾರುಕಟ್ಟೆಯಲ್ಲಿ ಕೊಳ್ಳುವಂತಿರಲಿಲ್ಲ. ಬೆನ್ಜೀನನ್ನು ನೈಟ್ರೋಬೆನ್ಜೀನಾಗಿಸಿ, ಅದನ್ನು ಕಬ್ಬಿಣದ ಪುಡಿ ಮತ್ತು ಅಸಿಟಿಕ್ ಆಮ್ಲದಿಂದ ಅನಿಲೀನಾಗಿಸಬೇಕಿತ್ತು. ಸ್ಫೋಟದ ಭಯವಿದ್ದ ಈ ಕ್ರಿಯೆಗಳಿಗೆ ಬೇಕಾದ ಪಾತ್ರೆಗಳನ್ನೂ ಅವರೇ ರೂಪಿಸಿಕೊಂಡರು.

ಇಷ್ಟಾದರೂ ಬಣ್ಣಗಾರನ ಸಮಸ್ಯೆ ತೀರಲಿಲ್ಲ. ರೇಷ್ಮೆ ಮತ್ತು ಉಣ್ಣೆ ಪ್ರೋಟೀನಿನ ನಾರುಗಳು. ಅವುಗಳಲ್ಲಿರುವ ಆಮ್ಲೀಯ ಗುಂಪುಗಳು ಪರ್ಕಿನ್ನನ ಪ್ರತ್ಯಾಮ್ಲೀಯ ಬಣ್ಣವನ್ನು ತಾವಾಗಿಯೇ ಸೆಳೆದುಕೊಳ್ಳುತ್ತವೆ. ಎಷ್ಟು ಬೇಗ ಸೆಳೆಯುತ್ತವೆಂದರೆ ಬಟ್ಟೆಯ ಮೇಲೆ ಬಣ್ಣ ಒಂದೇ ಸಮನಾಗಿ ಹರಡದೆ ಪಟ್ಟೆಪಟ್ಟೆಯಾಗುತ್ತದೆ. ಸಾಬೂನಿನ ನೀರಿನಲ್ಲಿ ಬಣ್ಣ ಕಟ್ಟುವ ಕ್ರಮದಿಂದ ಈ ವೇಗವನ್ನು ತಗ್ಗಿಸಲಾಯಿತು. ಹತ್ತಿಯದು ಇದಕ್ಕೆ ವಿರುದ್ಧವಾದ ತೊಡಕು. ಅದು ಸೆಲ್ಯುಲೋಸ್, ಬಣ್ಣಕ್ಕೆ ಅಲ್ಲಿ ಹಿಡಿತವೇ ಇಲ್ಲ, ಒಂದು ಒಗೆತಕ್ಕೆ ಬಿಟ್ಟುಹೋಗುತ್ತದೆ. ಹತ್ತಿಯನ್ನು ಮೊದಲು ಟ್ಯಾನಿನ್ನಿನ ದ್ರಾವಣದಲ್ಲಿ ನೆನೆಸಿ, ತವರದ ಲವಣದಿಂದ ಆ ಟ್ಯಾನಿನ್ನನ್ನು ನಾರಿನಲ್ಲಿ ನೆಲೆಗೊಳಿಸಿ, ಆಮೇಲೆ ಬಣ್ಣದಲ್ಲಿ ಅದ್ದುವ ವಿಧಾನ ರೂಪುಗೊಂಡಿತು. ಭಾರತದ ಬಣ್ಣಗಾರರು ಅಳಲೆಕಾಯಿಯ ಒಗರಿನಲ್ಲಿ ಬಟ್ಟೆಯನ್ನು ನೆನೆಸಿ ಪಟಕದೊಡನೆ ಕೆಂಪನ್ನು ಕಟ್ಟುತ್ತಿದ್ದುದನ್ನು ಬಲ್ಲವರಿಗೆ ಈ ಉಪಾಯದ ಹಿಂದಿನ ತತ್ತ್ವ ಹೊಸದೆನಿಸದು. ಹೊಸತೆಂದರೆ ಬಣ್ಣ. ವರ್ಣಬಂಧಕದ ಅನುಭವವಿಲ್ಲದಿದ್ದರೆ ಆ ಬಣ್ಣ ರೇಷ್ಮೆಯುಟ್ಟವರ ವಿಲಾಸವಾಗಿಯೇ ಉಳಿಯುತ್ತಿತ್ತು.

1858ರ ಜನವರಿಯಲ್ಲಿ ಮಗಳ ಮದುವೆಗೆ ವಿಕ್ಟೋರಿಯಾ ರಾಣಿ ಇದೇ ಛಾಯೆಯ ಉಡುಪನ್ನು ಧರಿಸಿದಳು. ಫ್ರೆಂಚರು ಒಂದು ಹೂವಿನ ಹೆಸರಿನಿಂದ ಕರೆದ ‘ಮಾವ್’ ಬಣ್ಣ ಪ್ಯಾರಿಸ್, ಲಂಡನ್ನುಗಳ ಹುಚ್ಚಾಯಿತು. ಆ ಹುಚ್ಚು ಬಹುಕಾಲ ಉಳಿಯಲಿಲ್ಲ. 1859ರಲ್ಲಿ ಫ್ರಾನ್ಸಿನಲ್ಲಿ ಮಜೆಂಟಾ ಬಂದಿತು, ಅದರ ಬೆನ್ನಿಗೆ ಇತರ ಅನಿಲೀನ್ ಬಣ್ಣಗಳು ಬಂದವು.

ಪರ್ಕಿನ್ನನ ಎರಡನೆಯ ಸಾಧನೆ ಇದಕ್ಕಿಂತ ದೊಡ್ಡದೆನ್ನಬೇಕು. ಮಂಜಿಷ್ಠದ ಜಾತಿಯ ಮ್ಯಾಡರ್ ಬೇರಿನ ಕೆಂಪಿಗೆ ಕಾರಣವಾದ ಅಲಿಜರಿನ್ನನ್ನು ಗ್ರೇಬೆ ಮತ್ತು ಲೀಬರ್‌ಮನ್ 1868ರಲ್ಲಿ ಡಾಂಬರಿನ ಆಂಥ್ರಸೀನಿನಿಂದ ತಯಾರಿಸಿದ್ದರು. ಆದರೆ ಆ ಮಾರ್ಗ ದುಬಾರಿಯಾಗಿತ್ತು. ಅಗ್ಗದ ಮಾರ್ಗವನ್ನು ಕಂಡುಕೊಂಡ ಪರ್ಕಿನ್ 1869ರ ಜೂನ್ 26ರಂದು ಇಂಗ್ಲೆಂಡಿನಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದನು. ಕಾರೋ ಎಂಬವನೊಡನೆ ಸೇರಿ ಅದೇ ಜರ್ಮನರು ಒಂದು ದಿನ ಮುಂಚೆ ಅರ್ಜಿ ಸಲ್ಲಿಸಿದ್ದರು. ವಿವಾದಕ್ಕಿಳಿಯದೆ ಮಾರುಕಟ್ಟೆಯನ್ನು ಹಂಚಿಕೊಂಡರು. ಗ್ರೀನ್‌ಫರ್ಡಿನ ಉತ್ಪಾದನೆ 1870ರಲ್ಲಿ 40 ಟನ್ನು, 1871ರಲ್ಲಿ 220 ಟನ್ನು. ಕೆಲವೇ ವರ್ಷಗಳಲ್ಲಿ ಫ್ರಾನ್ಸಿನ ಮ್ಯಾಡರ್ ಬೆಳೆಗಾರರು ನೆಲೆ ಕಳೆದುಕೊಂಡರು. ಭಾರತದ ಬೇರುಬಣ್ಣಗಳನ್ನೂ ಆಮದಾದ ಅಲಿಜರಿನ್ ಹಿಂದಕ್ಕೆ ತಳ್ಳಿತು. 1897ರಲ್ಲಿ ಜರ್ಮನಿಯ ಕೃತಕ ನೀಲಿ ಮಾರುಕಟ್ಟೆಗೆ ಬಂದಾಗ ಬಿಹಾರದ ನೀಲಿಯ ಸರದಿ ಬಂದಿತು. ಪರ್ಕಿನ್ನನ ಚರಿತ್ರೆಯನ್ನು ಬರೆದವರಲ್ಲಿ ಈ ಬೆಳೆಗಾರರನ್ನು ನೆನೆದವರು ವಿರಳ.

1874ರಲ್ಲಿ, 36ನೆಯ ವಯಸ್ಸಿನಲ್ಲಿ, ಪರ್ಕಿನ್ ಕಾರ್ಖಾನೆಯನ್ನು ಮಾರಿದನು. ಜರ್ಮನಿಯ ಕಾರ್ಖಾನೆಗಳೊಡನೆ ಸೆಣಸಲು ಬೇಕಾದ ವಿಸ್ತರಣೆ ಅವನಿಗೆ ಬೇಡವಾಗಿತ್ತು. ಗುರು ಬಯಸಿದ್ದ ಶುದ್ಧ ಸಂಶೋಧನೆಗೆ ಅವನು ಹೀಗೆ ಹಿಂತಿರುಗಿದನು. ಅವನ ಹೆಸರಿನ ಕ್ರಿಯೆಯಿಂದ ಸಿನಾಮಿಕ್ ಆಮ್ಲವನ್ನು ತಯಾರಿಸುವುದನ್ನು ರಸಾಯನಶಾಸ್ತ್ರದ ವಿದ್ಯಾರ್ಥಿಗಳು ಬಲ್ಲರು. ಮೂವರು ಪುತ್ರರೂ ರಸಾಯನಶಾಸ್ತ್ರಜ್ಞರಾದರು. ಅವರಲ್ಲಿ ಆರ್ಥರ್ ಜಾರ್ಜ್ ತಂದೆಯ ಕಾಲದಲ್ಲಿ ಹಿಂದೆ ಸರಿದ ಸಸ್ಯಜನ್ಯ ಬಣ್ಣಗಳನ್ನೇ ಅಧ್ಯಯನಕ್ಕೆ ಆರಿಸಿಕೊಂಡನು.

1906ರಲ್ಲಿ, ಮಾವ್ ಕಂಡ ಐವತ್ತನೆಯ ವರ್ಷದಲ್ಲಿ, ಪರ್ಕಿನ್ನನಿಗೆ ನೈಟ್ ಪದವಿ ದೊರೆಯಿತು. 1907ರ ಜುಲೈ 14ರಂದು ಅವನು ತೀರಿಕೊಂಡನು. ಆ ನೇರಳೆ ಬಣ್ಣದ ಮುಖ್ಯ ಘಟಕಗಳ ರಚನೆ ಸರಿಯಾಗಿ ತಿಳಿದುಬಂದದ್ದು 1994ರಲ್ಲಿ.